ಊರು, ಕೇರಿ, ಪುರ: ಮೈಸೂರಿನ ಆದಿಕರ್ನಾಟಕಪುರದ ಪೂರ್ವೋತ್ತರಗಳು

೧. ವಿಷಯಪ್ರವೇಶ

ಮೈಸೂರು ನಗರದ ದಕ್ಷಿಣಪಾರ್ಶ್ವದಲ್ಲಿ, ನಂಜನಗೂಡಿಗೆ ಹೋಗುವ ರೈಲುದಾರಿಗೆ ಹೊಂದಿಕೊಂಡು, ಅಶೋಕಪುರವೆಂಬ ಬಡಾವಣೆಯು ಇರುವುದು. ಇದಕ್ಕೆ ಹಿಂದೆ ಆದಿಕರ್ನಾಟಕಪುರವೆಂಬ ಹೆಸರು ರೂಢಿಯಲ್ಲಿದ್ದಿತು. ನಗರದಲ್ಲಿ ಪರಿಶಿಷ್ಟ ಜಾತಿಗಳ ಜನರು ಒಂದೆಡೆ ನೆಲಸಿರುವ ದೊಡ್ಡ ಬಡಾವಣೆಗಳಲ್ಲಿ ಇದು ಪ್ರಸಿದ್ಧವಾದುದು. ಮೈಸೂರಿನ ಚರಿತ್ರೆಯನ್ನು ಬರೆದ ಮಹನೀಯರು ಅರಮನೆಯನ್ನೂ ದೇವಾಲಯಗಳನ್ನೂ ವಿದ್ಯಾಶಾಲೆಗಳನ್ನೂ ರಾಜಮಾರ್ಗಗಳನ್ನೂ ವಿಸ್ತಾರವಾಗಿ ವರ್ಣಿಸಿರುವರು. ಆದರೆ ಆ ಮಾರ್ಗಗಳಿಗೆ ಕಲ್ಲು ಒಡೆದವರೂ ಆ ಗೋಡೆಗಳಿಗೆ ಮಣ್ಣು ಹೊತ್ತವರೂ ಎಲ್ಲಿ ವಾಸಮಾಡುತ್ತಿದ್ದರು, ಅಲ್ಲಿಯೇ ಏಕೆ ವಾಸಮಾಡಬೇಕಾಗಿದ್ದಿತು ಎಂಬ ಪ್ರಶ್ನೆಗೆ ಆ ಗ್ರಂಥಗಳಲ್ಲಿ ದೊರೆಯುವ ಉತ್ತರವು ಬಹು ಸಂಕ್ಷಿಪ್ತವಾದುದು.

ಊರಿನ ಹೊರಗಿರಬೇಕೆಂದು ವಿಧಿಸಲ್ಪಟ್ಟ ಜನರ ಕೇರಿಯು ‘ಪುರ’ವೆನಿಸಿಕೊಂಡದ್ದು ಹೇಗೆ? ಹೆಸರು ಬದಲಾದಾಗ ಎಲ್ಲೆಯೂ ಅಳಿಯಿತೆ, ಅಥವಾ ಜನರು ಸ್ಥಳಬಿಟ್ಟು ಹೋದ ಕಡೆಗೆಲ್ಲ ಎಲ್ಲೆಯೂ ಅವರ ಬೆನ್ನಹಿಂದೆ ಹೋಯಿತೆ? ಈ ಎರಡು ಪ್ರಶ್ನೆಗಳನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶವು. ಈ ವಿಚಾರದಲ್ಲಿ ಕೆಲವು ಹಳೆಯ ಜಾತಿವಾಚಕ ಶಬ್ದಗಳನ್ನು ಉಚ್ಚರಿಸದೆ ನಿರ್ವಾಹವಿಲ್ಲ. ಅವುಗಳನ್ನು ಶಬ್ದಚರಿತ್ರೆಯ ಸಲುವಾಗಿ ಮಾತ್ರವೇ ಇಲ್ಲಿ ಎತ್ತಿಕೊಂಡಿದೆಯೆಂದು ವಾಚಕರು ಭಾವಿಸತಕ್ಕದ್ದು. ಇನ್ನೊಬ್ಬರನ್ನು ಹಳಿಯುವುದಕ್ಕಾಗಿ ಅವನ್ನು ಬಳಸುವುದು ಇಂದು ಅಧರ್ಮವಷ್ಟೇ ಅಲ್ಲದೆ ಶಿಕ್ಷಾರ್ಹವಾದ ಅಪರಾಧವೂ ಆಗಿರುವುದು.

೨. ಶಬ್ದವಿಚಾರ

‘ಕೇರಿ’ ಎಂಬುದು ಅಚ್ಚಗನ್ನಡ ಮಾತು. ತಮಿಳಿನಲ್ಲಿ ಇದಕ್ಕೆ ಸಂವಾದಿಯಾದುದು ‘ಚೇರಿ’. ಕನ್ನಡದ ‘ಕಿವಿ’ಗೆ ತಮಿಳಿನಲ್ಲಿ ‘ಚೆವಿ’ ಎಂದಿರುವಂತೆಯೇ ಇಲ್ಲಿಯೂ ಕಕಾರಕ್ಕೆ ಚಕಾರವು ಬಂದಿದೆ. ರೂಪದಲ್ಲಿ ಒಂದೇ ಆದರೂ ಅರ್ಥದಲ್ಲಿ ಈ ಎರಡು ಶಬ್ದಗಳು ಬೇರೆಬೇರೆ ದಾರಿ ಹಿಡಿದವು. ತಮಿಳುನಾಡಿನಲ್ಲಿ ಚೇರಿಯೆಂದರೆ ಕಾಲಕ್ರಮದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ವಾಸಸ್ಥಾನವೆಂಬ ಅರ್ಥವೇ ಗಟ್ಟಿಯಾಯಿತು. ಕನ್ನಡದಲ್ಲಿಯಾದರೋ ಕೇರಿಯೆಂಬುದು ಯಾವ ಜನರ ಬೀದಿಗಾದರೂ ಸಲ್ಲುವ ಮಾತಾಗಿ ಉಳಿಯಿತು. ಮೈಸೂರು ನಗರದಲ್ಲಿಯೇ ಬಂಡಿಕೇರಿ, ಸುಣ್ಣದಕೇರಿ, ಹಳ್ಳದಕೇರಿ, ಒಕ್ಕಲಗೇರಿ, ಕುಂಬಾರಗೇರಿ ಎಂಬ ಹೆಸರುಗಳು ಇವೆ. ಆದರೆ ‘ಊರುಕೇರಿ’ ಎಂದು ಎರಡನ್ನೂ ಒಟ್ಟಿಗೆ ನುಡಿದಾಗ ಕೇರಿಯ ಅರ್ಥವು ಇಲ್ಲಿಯೂ ಸಂಕೋಚಹೊಂದುವುದುಂಟು. ಆಗ ಊರೆಂದರೆ ಒಳಗಿನದು, ಕೇರಿಯೆಂದರೆ ಹೊರಗಿನದು. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರು ಕೇರಿ’ ಎಂದು ಹೆಸರಿಟ್ಟಾಗ ಈ ವಿಶೇಷಾರ್ಥವನ್ನೇ ಲಕ್ಷ್ಯದಲ್ಲಿರಿಸಿಕೊಂಡಿದ್ದರೆಂಬುದು ಸ್ಪಷ್ಟವಾಗಿದೆ.

‘ಹೊಲಗೇರಿ’ ಎಂಬ ಸಮಾಸವು ಪ್ರಾಚೀನವಾದುದು. ಹನ್ನೆರಡನೆಯ ಶತಮಾನದ ಬಸವಣ್ಣನವರ ವಚನದಲ್ಲಿಯೂ ಇದು ಬಂದಿದೆ. ಇದರ ಪೂರ್ವಪದವನ್ನು ಕುರಿತು ವಿದ್ವಾಂಸರಲ್ಲಿ ಎರಡು ಮತಗಳಿವೆ. ಹಳಗನ್ನಡದ ‘ಪೊಲ’, ಅಂದರೆ ಹೊಲ ಅಥವಾ ಭೂಮಿ, ಎಂಬುದರಿಂದ ಇದು ಬಂತೆಂದು ಕೆಲವರು ಹೇಳುವರು. ‘ಪೊಲೆ’, ಅಂದರೆ ಅಶೌಚ, ಎಂಬುದರಿಂದ ಬಂತೆಂದು ಮತ್ತೆ ಕೆಲವರು ಹೇಳುವರು. ಮೈಸೂರು ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಮಹಾಶಯರು ಭೂಮಿಯ ಸಂಬಂಧವನ್ನೇ ಎತ್ತಿ ಹೇಳಿದರು. ವ್ಯಾಕರಣದೃಷ್ಟಿಯಿಂದ ಎರಡೂ ಸಾಧ್ಯವೇ. ಆದರೆ ನಿರ್ಣಯವು ಏನೇ ಆದರೂ ಒಂದು ಸಂಗತಿಯು ನಿಲ್ಲುತ್ತದೆ. ಭೂಮಿಯಲ್ಲಿ ದುಡಿಯುವವನ ಹೆಸರೂ ಮೈಲಿಗೆಯ ಹೆಸರೂ ಒಂದರೊಡನೊಂದು ಬೆರೆತು, ಕೇಳುವವರ ಕಿವಿಗೆ ಎರಡನೆಯದೇ ಮುಂದಾಗಿ ಬಡಿಯುವಂತಾಯಿತು.

ಇನ್ನು ‘ಪುರ’ವು ಸಂಸ್ಕೃತ ಶಬ್ದ. ವೇದಗಳಲ್ಲಿ ‘ಪುರ್’ ಎಂದರೆ ಪ್ರಾಕಾರವುಳ್ಳ ಸ್ಥಾನ. ಮುಂದೆ ಇದು ರಾಜನ ನಗರಕ್ಕೂ ದೇವರ ಕ್ಷೇತ್ರಕ್ಕೂ ಸಲ್ಲುವ ಮರ್ಯಾದೆಯ ಮಾತಾಯಿತು. ರಾಜರು ತಮ್ಮ ಹೆಸರಿನಲ್ಲಿಯೂ ರಾಣಿಯರ ಹೆಸರಿನಲ್ಲಿಯೂ ಪುರಗಳನ್ನು ಕಟ್ಟಿಸಿದರೇ ಹೊರತು ಕೇರಿಗಳನ್ನು ಕಟ್ಟಿಸಲಿಲ್ಲ. ಆದುದರಿಂದ ಒಂದು ಕೇರಿಗೆ ಪುರವೆಂಬ ಹೆಸರು ಬಂದಿತೆಂದರೆ ಅದನ್ನು ಲಘುವಾಗಿ ಎಣಿಸಲಾಗದು.

೩. ಶಾಸ್ತ್ರವೂ ಗ್ರಾಮಾಚಾರವೂ

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರು ಈ ವಿಷಯದಲ್ಲಿ ಮೊದಲು ತಮ್ಮ ಗ್ರಂಥಗಳನ್ನೇ ಬಿಚ್ಚಿ ನೋಡಬೇಕಾದುದು ನ್ಯಾಯವು. ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಚಂಡಾಲರೇ ಮೊದಲಾದವರ ವಾಸವು ಗ್ರಾಮದ ಹೊರಗಡೆ ಇರತಕ್ಕದ್ದೆಂದೂ, ಅವರು ರಾತ್ರಿವೇಳೆಯಲ್ಲಿ ಗ್ರಾಮನಗರಗಳಲ್ಲಿ ಸಂಚರಿಸಕೂಡದೆಂದೂ, ಹಗಲಿನಲ್ಲಿ ಗುರುತನ್ನು ಧರಿಸಿ ಕೆಲಸಕ್ಕಾಗಿ ಮಾತ್ರ ಬರಬಹುದೆಂದೂ ಹೇಳುತ್ತದೆ. ಇದು ಕೇವಲ ಬರೆದಿಟ್ಟ ಮಾತಲ್ಲ. ಐದನೆಯ ಶತಮಾನದ ಆದಿಭಾಗದಲ್ಲಿ ಉತ್ತರದೇಶದಲ್ಲಿ ಸಂಚರಿಸಿದ ಚೀನದ ಯಾತ್ರಿಕ ಫಾಹಿಯಾನನು, ಚಂಡಾಲರು ಊರಹೊರಗೆ ಪ್ರತ್ಯೇಕವಾಗಿ ವಾಸಿಸುವರೆಂದೂ, ಪಟ್ಟಣದೊಳಕ್ಕೆ ಬರುವಾಗ ಮರದ ತುಂಡನ್ನು ಬಡಿದು ತಮ್ಮ ಬರವನ್ನು ತಿಳಿಸುವರೆಂದೂ ಕಂಡು ಬರೆದಿರುವನು.

ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗನಿವೇಶ ಪ್ರಕರಣವು ಇನ್ನೂ ಕ್ರಮಬದ್ಧವಾಗಿದೆ. ಅಲ್ಲಿ ಉತ್ತರಕ್ಕೆ ಬ್ರಾಹ್ಮಣರು, ಪೂರ್ವಕ್ಕೆ ಕ್ಷತ್ರಿಯರು, ದಕ್ಷಿಣಕ್ಕೆ ವೈಶ್ಯರು, ಪಶ್ಚಿಮಕ್ಕೆ ಶೂದ್ರರು ಎಂದು ನಗರವನ್ನು ಹಂಚಿ, ಪಾಷಂಡರಿಗೂ ಚಂಡಾಲರಿಗೂ ಸ್ಮಶಾನದ ಅಂಚಿನಲ್ಲಿ ವಾಸವನ್ನು ಗೊತ್ತುಮಾಡಿದೆ. ಈ ಗ್ರಂಥದ ಹಸ್ತಪ್ರತಿಯು ಲೋಕಕ್ಕೆ ಬೆಳಕಾದದ್ದು ನಮ್ಮ ಮೈಸೂರಿನಲ್ಲಿಯೇ. ಪ್ರಾಚ್ಯಕೋಶಾಗಾರದ ಆರ್. ಶಾಮಶಾಸ್ತ್ರಿಗಳು ಇದನ್ನು ಶೋಧಿಸಿ ೧೯೦೯ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು. ಒಂದು ಕಡೆ ಶಾಸ್ತ್ರಿಗಳು ಎರಡು ಸಾವಿರ ವರ್ಷಗಳ ಹಿಂದಿನ ನಗರವಿನ್ಯಾಸವನ್ನು ತಾಳೆಯ ಗರಿಗಳಿಂದ ಬಿಡಿಸಿ ಓದುತ್ತಿದ್ದ ಆ ವರ್ಷಗಳಲ್ಲಿಯೇ, ಇನ್ನೊಂದು ಕಡೆ ಇಂಜಿನಿಯರುಗಳು ಅದೇ ನಗರದ ಹೊಸ ಬೀದಿಗಳಿಗೆ ದಾರವಿಡಿದು ಗೂಟ ಹೊಡೆಯುತ್ತಿದ್ದರು. ಎರಡು ವಿನ್ಯಾಸಗಳೂ ಪರಸ್ಪರ ಅಪರಿಚಿತವಾಗಿದ್ದರೂ ಕೆಲವು ಅಂಶಗಳಲ್ಲಿ ಒಂದನ್ನೊಂದು ಹೋಲುತ್ತಿದ್ದುವೆಂಬುದನ್ನು ಮುಂದೆ ಕಾಣಬಹುದು.

ಶಾಸ್ತ್ರವು ಹೀಗಿದ್ದರೂ ಕನ್ನಡನಾಡಿನ ಗ್ರಾಮಾಚಾರದಲ್ಲಿ ಒಂದು ವಿಲಕ್ಷಣವಾದ ಅಂಶವು ಉಳಿದುಬಂದಿದ್ದಿತು. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿ ಎಂಬವರು ೧೮೭೦ರ ದಶಕದಲ್ಲಿ ಇದನ್ನು ಬರೆದಿಟ್ಟರು. ರೈಸ್ ಅವರ ಗೆಜೆಟಿಯರಿನಲ್ಲಿಯೂ ಇದು ಸೇರಿದೆ. ಎರಡು ಹಳ್ಳಿಗಳಿಗೆ ಎಲ್ಲೆಯ ವಿಷಯದಲ್ಲಿ ವ್ಯಾಜ್ಯ ಬಂದರೆ, ಅದನ್ನು ತೀರಿಸುವವನು ಹೊಲಗೇರಿಯ ಕುಳವಾಡಿ. ಅವನು ಊರಿನ ಮಣ್ಣಿನ ಉಂಡೆಯನ್ನು ತಲೆಯಮೇಲೆ ಹೊತ್ತು ಎಲ್ಲೆಯುದ್ದಕ್ಕೂ ನಡೆಯುವನು. ಅವನು ನಡೆದ ದಾರಿಯೇ ಎಲ್ಲೆ. ತಪ್ಪಿ ನಡೆದರೆ ಉಂಡೆಯು ಒಡೆಯುವುದೆಂದೂ ಅವನಿಗೆ ಕೇಡಾಗುವುದೆಂದೂ ನಂಬಿಕೆ. ಗೌಡನ ಮಾತಿಗಿಂತಲೂ ಶಾನುಭೋಗನ ಲೆಕ್ಕಕ್ಕಿಂತಲೂ ಇಲ್ಲಿ ಕುಳವಾಡಿಯ ಹೆಜ್ಜೆಯೇ ಪ್ರಮಾಣವಾಗಿದ್ದಿತು.

ಈ ಆಚಾರದ ಅರ್ಥವು ಗಂಭೀರವಾದುದು. ಊರಿನ ಎಲ್ಲೆಯನ್ನು ಯಾರು ಬಲ್ಲರೋ ಅವರಿಗೆ ಊರಿನೊಳಗೆ ಮನೆಯಿಲ್ಲ. ಭೂಮಿಯ ಸಾಕ್ಷಿ ಅವರದು, ಭೂಮಿಯ ಒಡೆತನ ಇನ್ನೊಬ್ಬರದು. ಎಚ್. ವಿ. ನಂಜುಂಡಯ್ಯನವರು ಮೈಸೂರಿನ ಜಾತಿಗಳನ್ನು ಕುರಿತು ೧೯೦೬ರಿಂದ ಪ್ರಕಟಿಸತೊಡಗಿದ ಪುಸ್ತಿಕೆಗಳಲ್ಲಿಯೂ ಇಂತಹ ಹಕ್ಕುಬಾಧ್ಯತೆಗಳ ವಿವರಗಳನ್ನು ಕಾಣಬಹುದು. ಅವರು ೧೯೧೫ರಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರಾದವರೆಂಬುದನ್ನು ವಾಚಕರು ಬಲ್ಲರು. ಈ ಜನರು ಭೂಮಿಗೆ ಪರಕೀಯರೆಂಬ ಮಾತಿಗೆ ಗ್ರಾಮಾಚಾರದಲ್ಲಿ ಆಧಾರವಿರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಅವರು ತಮಗೆ ಇಟ್ಟುಕೊಂಡ ಹೆಸರಿನಲ್ಲಿ ಇದೇ ಸಂಗತಿಯು ಧ್ವನಿಸುತ್ತದೆ.

೪. ಮಹಾಮಾರಿಯೂ ನಗರಸುಧಾರಣೆಯೂ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಹಳೆಯ ವಿನ್ಯಾಸವನ್ನು ಅಲುಗಿಸಿದ್ದು ಯಾವ ಶಾಸ್ತ್ರವೂ ಅಲ್ಲ, ಒಂದು ವ್ಯಾಧಿ. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೬ರಲ್ಲಿ ಮುಂಬಯಿಗೆ ಬಂದಿತು. ೧೮೯೮ರ ಆಗಸ್ಟ್ ತಿಂಗಳಲ್ಲಿ ಅದು ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕು, ಅನಂತರ ಮೈಸೂರನ್ನೂ ಮುಟ್ಟಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರು ಬಾಲಕರು. ರಾಜಮಾತೆ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿಯೂ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿಯೂ ಇದ್ದರು. ಪ್ಲೇಗ್ ಕಮಿಷನರರಾಗಿ ನೇಮಿತರಾದ ವಿ. ಪಿ. ಮಾಧವರಾಯರು ಮುಂದೆ ತಾವೂ ದಿವಾನರಾದರು. ಜನರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ಕಾಲಕಳೆದರು. ಬೆಂಗಳೂರಿನಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದವು.

ಈ ವಿಪತ್ತಿನ ಫಲವಾಗಿ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಎಂಬ ಎರಡು ಬಡಾವಣೆಗಳು ಬೆಳೆದುವು. ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಗಾಳಿಬೆಳಕು, ಇವೆಲ್ಲವೂ ಆರೋಗ್ಯಶಾಸ್ತ್ರಕ್ಕೆ ಅನುಗುಣವಾಗಿದ್ದುವು. ಆದರೆ ಈ ನೂತನ ಬಡಾವಣೆಗಳನ್ನು ಒಂದೊಂದನ್ನೂ ಎಂಟೆಂಟು ವಿಭಾಗಗಳನ್ನಾಗಿ ಮಾಡಿ, ಜಾತಿಮತಗಳಿಗೆ ತಕ್ಕಂತೆ ವಿಭಾಗಗಳನ್ನು ಗೊತ್ತುಮಾಡಿದ್ದು ಯಾವ ಆರೋಗ್ಯಶಾಸ್ತ್ರದ ವಿಧಿಯೂ ಅಲ್ಲ. ಅದು ಅಗ್ರಹಾರಕೇರಿಗಳ ಪದ್ಧತಿಯೇ ಅಳತೆಪಟ್ಟಿಯ ಮೂಲಕ ಮರಳಿ ಬಂದದ್ದು. ಬೆಂಗಳೂರಿನಲ್ಲಿ ಇದಕ್ಕೂ ಮೊದಲೇ ಇನ್ನೊಂದು ವಿಭಜನೆಯಿದ್ದಿತು. ೧೮೦೯ರಲ್ಲಿ ಸ್ಥಾಪಿತವಾದ ದಂಡು ಒಂದು ಕಡೆ, ಹಳೆಯ ಪೇಟೆ ಇನ್ನೊಂದು ಕಡೆ. ಇವೆರಡೂ ಒಂದೇ ಪುರಸಭೆಯ ಆಡಳಿತಕ್ಕೆ ಒಳಪಟ್ಟದ್ದು ೧೯೪೯ರಲ್ಲಿ ಮಾತ್ರ.

ಮೈಸೂರಿನ ಸಂಗತಿಯೂ ಇದೇ ಜಾಡಿನದು. ೧೮೯೭ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಗಿ, ಹೊಸ ಅರಮನೆಯ ನಿರ್ಮಾಣವು ೧೯೧೨ರವರೆಗೆ ನಡೆಯಿತು. ಮುಂಬಯಿಯಲ್ಲಿ ೧೮೯೮ರಲ್ಲಿ ನಗರಸುಧಾರಣೆಯ ಟ್ರಸ್ಟು ಸ್ಥಾಪಿತವಾದಂತೆ ಮೈಸೂರಿನಲ್ಲಿ ೧೯೦೩ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ದಿವಾನ್ ಪೂರ್ಣಯ್ಯನವರ ಕಾಲದ ನಾಲೆಯು ಕೊಳಚೆಯ ಕಾಲುವೆಯಾಗಿದ್ದಿತು. ಅದನ್ನು ಮುಚ್ಚಿ, ಮೇಲೆ ಸಯ್ಯಾಜಿರಾವ್ ರಸ್ತೆಯನ್ನು ಮಾಡಿದರು. ಕೋಟೆಯೊಳಗೆ ಅರಮನೆಯ ಸುತ್ತಲೂ ಒತ್ತೊತ್ತಾಗಿದ್ದ ಮನೆಗಳನ್ನು ತೆಗೆಸಿ ನಿವಾಸಿಗಳನ್ನು ಹೊರಕ್ಕೆ ಕಳುಹಿಸಿದರು. ಚಾಮರಾಜಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ವಿದ್ಯಾರಣ್ಯಪುರ ಮೊದಲಾದ ಬಡಾವಣೆಗಳು ಒಂದರಹಿಂದೊಂದು ಬೆಳೆದುವು. ಈ ಲೇಖಕನು ವಾಸಮಾಡುವ ಜಯಲಕ್ಷ್ಮೀಪುರವೂ ಆಮೇಲೆ ಪಶ್ಚಿಮದಿಕ್ಕಿನಲ್ಲಿ ಇದೇ ಬಗೆಯಾಗಿ ಹಬ್ಬಿದ ಬಡಾವಣೆ. ಅದರ ಮಗ್ಗುಲಲ್ಲಿರುವ ಪಡುವಾರಹಳ್ಳಿಯು ಒಂದು ಕಾಲಕ್ಕೆ ಪ್ರತ್ಯೇಕ ಗ್ರಾಮವಾಗಿದ್ದು, ನಗರವು ಬೆಳೆದಂತೆ ಅದರ ಹೊಟ್ಟೆಯೊಳಗೆ ಸೇರಿಹೋಯಿತು.

ಹೀಗೆ ಸ್ಥಾನಭ್ರಂಶವು ಆ ಕಾಲದಲ್ಲಿ ಎಲ್ಲ ಜಾತಿಯವರಿಗೂ ಒದಗಿತು. ಕೋಟೆಯೊಳಗಿನ ವೈದಿಕನೂ ಮನೆ ಬಿಟ್ಟನು, ಊರಂಚಿನ ಕೂಲಿಕಾರನೂ ಮನೆ ಬಿಟ್ಟನು. ಆದರೆ ಹೋಗಿ ಸೇರಿದ ಸ್ಥಳಗಳು ಒಂದೇ ಬಗೆಯಾಗಿರಲಿಲ್ಲ. ಮೊದಲನೆಯವನಿಗೆ ರಾಜಮನೆತನದವರ ಹೆಸರುಳ್ಳ ಪುರದಲ್ಲಿ ನಿವೇಶನ ದೊರೆಯಿತು. ಎರಡನೆಯವನಿಗೆ ನಗರದ ಹೊರಮೈಯಲ್ಲಿ, ತನ್ನವರ ನಡುವೆಯೇ, ಜಾಗವು ಗೊತ್ತಾಯಿತು. ವ್ಯಾಧಿಯು ಜಾತಿಯನ್ನು ಕೇಳಲಿಲ್ಲ. ನಿವೇಶನದ ಹಂಚಿಕೆಯು ಕೇಳಿತು.

೫. ಸಮುದ್ರದಾಚೆಯ ಸಾದೃಶ್ಯ

ಇದೇ ಪ್ಲೇಗು, ಇದೇ ವರ್ಷಗಳಲ್ಲಿ, ದಕ್ಷಿಣ ಆಫ್ರಿಕಕ್ಕೂ ಹೋಯಿತು. ಅಲ್ಲಿ ನಡೆದುದನ್ನು ನಮ್ಮದರೊಡನೆ ಇಟ್ಟುನೋಡಿದರೆ ಪ್ರಕೃತ ವಿಷಯವು ವಿಶದವಾಗುವುದರಿಂದ ಸ್ವಲ್ಪ ವಿಸ್ತರಿಸುವೆನು.

೧೯೦೧ರಲ್ಲಿ ಕೇಪ್‌ಟೌನ್ ನಗರದಲ್ಲಿ ಪ್ಲೇಗು ಕಾಣಿಸಿಕೊಂಡ ಕೂಡಲೇ, ಬಂದರಿನ ಸಮೀಪದಲ್ಲಿಯೂ ನಗರದೊಳಗೂ ವಾಸಿಸುತ್ತಿದ್ದ ಆರೇಳು ಸಾವಿರ ಆಫ್ರಿಕದ ಜನರನ್ನು ಕಾವಲಿನಲ್ಲಿ ಹೊರಡಿಸಿ, ಊರಹೊರಗಿನ ಒಂದು ಬಯಲಿಗೆ ಸಾಗಿಸಿದರು. ಆ ನೆಲೆಯೇ ಮುಂದೆ ನ್ಡಬೇನಿ ಎನಿಸಿತು. ಅಲ್ಲಿಂದಲೂ ಅವರನ್ನು ಎಬ್ಬಿಸಿ ೧೯೨೭ರಲ್ಲಿ ತೆರೆದ ಲಂಗಾ ಎಂಬ ಇನ್ನೊಂದು ನೆಲೆಗೆ ಕಳುಹಿಸತೊಡಗಿದರು.

೧೯೦೪ರಲ್ಲಿ ಜೋಹಾನ್ಸ್‌ಬರ್ಗ್ ನಗರದಲ್ಲಿಯೂ ಹೀಗೆಯೇ ಆಯಿತು. ಅಲ್ಲಿ ಭಾರತೀಯರು ವಾಸಿಸಬೇಕಾದ ಸ್ಥಳಕ್ಕೆ ‘ಕೂಲಿ ಲೊಕೇಷನ್’ ಎಂದು ಹೆಸರು. ೧೮೮೫ರ ಮೂರನೆಯ ಕಾನೂನಿನ ಮೇರೆಗೆ, ಏಷ್ಯದವರು ಗೊತ್ತುಮಾಡಿದ ಬೀದಿಗಳಲ್ಲಿಯೂ ‘ಲೊಕೇಷನ್’ಗಳಲ್ಲಿಯೂ ಮಾತ್ರ ವಾಸಮಾಡತಕ್ಕದ್ದೆಂದು ಟ್ರಾನ್ಸ್‌ವಾಲ್ ಸರ್ಕಾರವು ವಿಧಿಸಿದ್ದಿತು. ಗಾಂಧೀಜಿಯವರು ಆಗ ಆ ನಗರದಲ್ಲಿ ವಕೀಲರಾಗಿದ್ದರು. ರೋಗಪೀಡಿತರಾದ ೨೩ ಮಂದಿ ಭಾರತೀಯರಿಗೆ ಅವರೂ ಅವರ ಸಂಗಡಿಗರೂ ಶುಶ್ರೂಷೆಮಾಡಿದರು. ರೋಗವು ಮೊದಲು ಹೊರಟದ್ದು ಆ ಬೀದಿಗಳಿಂದಲ್ಲ, ಒಂದು ಚಿನ್ನದ ಗಣಿಯಿಂದ ಎಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿರುವರು. ಆದರೂ ಸುಡಲ್ಪಟ್ಟದ್ದು ಗಣಿಯಲ್ಲ, ಬಡವರ ಬೀದಿಗಳು. ನಿವಾಸಿಗಳನ್ನು ನಗರದಿಂದ ಸುಮಾರು ೧೩ ಮೈಲಿ ದೂರದ ಕ್ಲಿಪ್‌ಸ್ಪ್ರೂಟ್ ಎಂಬಲ್ಲಿ, ನಗರದ ಕೊಳಚೆನೀರು ಹರಿದುಹೋಗುವ ಹೊಲಗಳ ಹತ್ತಿರ, ಡೇರೆಗಳಲ್ಲಿ ಇರಿಸಿದರು. ಭಾರತೀಯರು ಕೆಲವು ವಾರಗಳಲ್ಲಿ ಮರಳಿದರು. ಆಫ್ರಿಕದವರಿಗೆ ಅದೇ ಖಾಯಂ ನೆಲೆಯಾಯಿತು. ಕ್ಲಿಪ್‌ಸ್ಪ್ರೂಟಿನ ಸುತ್ತ ಬೆಳೆದ ನೆಲೆಗಳ ಸಮೂಹಕ್ಕೆ ೧೯೬೩ರಲ್ಲಿ ‘ಸೊವೆಟೊ’ ಎಂದು ಹೆಸರಿಟ್ಟರು. ‘ನೈಋತ್ಯದಿಕ್ಕಿನ ಬಡಾವಣೆಗಳು’ ಎಂದು ಅರ್ಥ ಬರುವ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರದು. ಅದರಲ್ಲಿ ದೇವರಿಲ್ಲ, ದೊರೆಯಿಲ್ಲ, ವಾಸಿಸುವ ಜನರ ಸುಳಿವೂ ಇಲ್ಲ. ಒಂದು ದಿಕ್ಕು ಮಾತ್ರ ಇದೆ.

೧೯೨೩ರ ಕಾನೂನು ನಗರಗಳಲ್ಲಿ ಆಫ್ರಿಕದವರ ವಾಸವನ್ನು ಪ್ರತ್ಯೇಕಿಸಿತು. ೧೯೫೦ರ ‘ಗ್ರೂಪ್ ಏರಿಯಾಸ್’ ಶಾಸನವು ಪ್ರತಿಯೊಂದು ವರ್ಣದವರಿಗೂ ಬೇರೆಬೇರೆ ನೆಲವನ್ನು ವಿಧಿಸಿತು. ೧೯೫೫ರಲ್ಲಿ ಸೋಫಿಯಾಟೌನಿನ ಜನರನ್ನು ಎಬ್ಬಿಸಲು ಮೊದಲುಮಾಡಿದರು. ಈ ಶಾಸನವು ರದ್ದಾದದ್ದು ೧೯೯೧ರಲ್ಲಿ.

ನಮ್ಮ ದೇಶದಲ್ಲಿ ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ತನ್ನ ಹದಿನೇಳನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದೇ ವರ್ಷ ಇನ್ನೊಂದು ದೇಶವು ಪ್ರತ್ಯೇಕವಾಸವನ್ನು ಶಾಸನಮಾಡಿತು. ಅಲ್ಲಿ ಎಲ್ಲೆಯನ್ನು ಬರೆದದ್ದು ಸರ್ಕಾರ. ಇಲ್ಲಿ ಬರೆದದ್ದು ಆಚಾರ. ಸರ್ಕಾರವು ಬರೆದುದನ್ನು ಇನ್ನೊಂದು ಸರ್ಕಾರವು ಅಳಿಸಬಹುದು. ಆಚಾರವು ಬರೆದುದಕ್ಕೆ ಬರವಣಿಗೆಯೇ ಇಲ್ಲದಿರುವುದರಿಂದ ಅದನ್ನು ಅಳಿಸುವುದು ಒಂದು ಬಗೆಯಲ್ಲಿ ಇನ್ನೂ ಕಷ್ಟತರವಾದುದು.

೬. ಎರಡು ಆಕ್ಷೇಪಗಳೂ ಸಮಾಧಾನವೂ

ಇಲ್ಲಿ ಆಕ್ಷೇಪಗಳೆರಡು ಏಳುತ್ತವೆ. ಮೊದಲನೆಯದು: ರೋಗವು ಕೊಳೆಯಿಂದ ಹುಟ್ಟುವುದು, ಕೊಳೆಯಿದ್ದ ಬೀದಿಗಳ ಜನರನ್ನು ಬೇರೆಯಿರಿಸಿದ್ದು ಜಾತಿದ್ವೇಷದಿಂದಲ್ಲ, ಆರೋಗ್ಯರಕ್ಷಣೆಗಾಗಿ, ಎಂಬುದು. ಇದಕ್ಕೆ ವೈದ್ಯಶಾಸ್ತ್ರವೇ ಉತ್ತರ ಕೊಟ್ಟಿದೆ. ಪ್ಲೇಗಿನ ಕ್ರಿಮಿಯನ್ನು ೧೮೯೪ರಲ್ಲಿ ಯೆರ್ಸಿನ್ ಕಂಡುಹಿಡಿದನು. ಇಲಿಯಿಂದ ಮನುಷ್ಯನಿಗೆ ಅದನ್ನು ತರುವುದು ಇಲಿಯ ಮೈಮೇಲಿನ ಚಿಗಟವೆಂದು ೧೮೯೮ರಲ್ಲಿ ಸೀಮೊಂದನು ಹೇಳಿದನು. ೧೯೦೫ರಿಂದೀಚೆಗೆ ಮುಂಬಯಿಯಲ್ಲಿ ನಡೆದ ಪರೀಕ್ಷೆಗಳು ಇದನ್ನು ದೃಢಪಡಿಸಿದುವು. ಇಲಿಗಳು ಹೆಚ್ಚಾಗಿರುವುದು ಧಾನ್ಯವಿರುವ ಕಡೆ. ಕಣಜವಿಲ್ಲದ ಗುಡಿಸಲಿಗಿಂತ ಮೂಟೆಗಳನ್ನು ಅಟ್ಟಿಯಿಟ್ಟ ಮಂಡಿಯೇ ಈ ರೋಗಕ್ಕೆ ತಕ್ಕ ಮನೆ. ಆದಕಾರಣ ಜಾತಿಗೊಂದು ಬೀದಿಯನ್ನು ಹಂಚುವುದರಿಂದ ಪ್ಲೇಗು ಕಡಿಮೆಯಾಗುವ ಸಂಭವವು ಯಾವ ಕಾಲಕ್ಕೂ ಇರಲಿಲ್ಲ.

ಎರಡನೆಯ ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಕುಂಬಾರರು ಕುಂಬಾರಗೇರಿಯಲ್ಲಿಯೂ ಬ್ರಾಹ್ಮಣರು ಅಗ್ರಹಾರದಲ್ಲಿಯೂ ಪ್ರತ್ಯೇಕವಾಗಿಯೇ ಇದ್ದರಷ್ಟೆ. ಹಾಗಿರುವಲ್ಲಿ ಹೊಲಗೇರಿಯು ಪ್ರತ್ಯೇಕವಾಗಿದ್ದುದರಲ್ಲಿ ವಿಶೇಷ ಅನ್ಯಾಯವೇನು ಎಂಬುದು ಇದರ ಸ್ವರೂಪ. ಇದು ಮೇಲುನೋಟಕ್ಕೆ ಯುಕ್ತಿಯುಕ್ತವಾಗಿ ತೋರಿದರೂ ಹೇತ್ವಾಭಾಸವೇ ಸರಿ. ಕುಂಬಾರಗೇರಿಯವನು ತನ್ನ ಬೀದಿಯನ್ನು ಬಿಟ್ಟು ಪೇಟೆಯ ಬಾವಿಯಲ್ಲಿ ನೀರು ಸೇದಬಹುದಾಗಿದ್ದಿತು, ಗುಡಿಯಲ್ಲಿ ಪೂಜೆಮಾಡಿಸಬಹುದಾಗಿದ್ದಿತು, ಮಗನನ್ನು ಮಠಕ್ಕೆ ಓದಲು ಕಳುಹಿಸಬಹುದಾಗಿದ್ದಿತು. ಊರಹೊರಗಿನವನಿಗೆ ಬಾವಿ, ಗುಡಿ, ಮಠ ಈ ಮೂರಕ್ಕೂ ಅಡ್ಡಿಯಿದ್ದಿತು. ತನ್ನವರೊಡನೆ ಬೇರೆಯಾಗಿ ಇರುವುದು ಒಂದು. ಬೇರೆಯಾಗಿಯೇ ಇರತಕ್ಕದ್ದೆಂದು ಇನ್ನೊಬ್ಬರಿಂದ ವಿಧಿಸಲ್ಪಡುವುದು ಮತ್ತೊಂದು. ಇವೆರಡನ್ನೂ ಒಂದೆನ್ನುವುದು ಉಪವಾಸವ್ರತವನ್ನೂ ಅನ್ನವಿಲ್ಲದ ಹಸಿವನ್ನೂ ಒಂದೆಂದಂತೆ.

ಈ ಭೇದವನ್ನು ಎಲ್ಲರಿಗಿಂತಲೂ ಸ್ಪಷ್ಟವಾಗಿ ಅರಿತಿದ್ದವರು ಡಾಕ್ಟರ್ ಅಂಬೇಡ್ಕರರು. ೧೯೪೨ರ ಜುಲೈ ತಿಂಗಳಲ್ಲಿ ನಾಗಪುರದಲ್ಲಿ ಅವರ ನಾಯಕತ್ವದಲ್ಲಿ ಸೇರಿದ ಪರಿಶಿಷ್ಟ ವರ್ಗಗಳ ಸಮ್ಮೇಳನವು, ತಮ್ಮ ಜನರಿಗೆ ಹಿಂದೂ ಗ್ರಾಮಗಳಿಂದ ಬೇರೆಯಾದ ಹೊಸ ಗ್ರಾಮಗಳನ್ನು ಸರ್ಕಾರದ ಭೂಮಿಯಲ್ಲಿ ಕಟ್ಟಿಕೊಡಬೇಕೆಂದು ನಿರ್ಣಯವನ್ನು ಅಂಗೀಕರಿಸಿತು. ಪ್ರತ್ಯೇಕತೆಯನ್ನು ವಿರೋಧಿಸಿದವರೇ ಪ್ರತ್ಯೇಕ ಗ್ರಾಮವನ್ನು ಕೇಳಿದರೆಂದು ಆಶ್ಚರ್ಯಪಡಬೇಕಾದುದಿಲ್ಲ. ಅವರು ಕೇಳಿದ್ದು ಭೂಮಿಯುಳ್ಳ, ಇನ್ನೊಬ್ಬರ ಹಂಗಿಲ್ಲದ ಊರನ್ನು. ಬೇಡವೆಂದದ್ದು ಊರಿನ ಬಾಲದಂತಿರುವ ಕೇರಿಯನ್ನು.

೭. ಹೆಸರಿನ ಚರಿತ್ರೆ

ಇನ್ನು ಆದಿಕರ್ನಾಟಕಪುರವೆಂಬ ಹೆಸರಿಗೆ ಬರೋಣ. ಸರ್ಕಾರದ ಕಾಗದಪತ್ರಗಳಲ್ಲಿ ಮೊದಲು ಈ ಜನರಿಗೆ ‘ಪಂಚಮ’ರೆಂಬ ಹೆಸರಿದ್ದಿತು. ನಾಲ್ಕು ವರ್ಣಗಳ ಲೆಕ್ಕವು ಮುಗಿದಮೇಲೆ ಐದನೆಯವರು ಎಂದು ಇದರ ತಾತ್ಪರ್ಯ. ಅವರ ಮಕ್ಕಳಿಗೆಂದು ಪ್ರತ್ಯೇಕವಾದ ಪಂಚಮ ಶಾಲೆಗಳೂ ಇದ್ದುವು. ೧೯೧೭ರಲ್ಲಿ ಬೆಜವಾಡದಲ್ಲಿ ಸೇರಿದ ಪಂಚಮರ ಸಮ್ಮೇಳನವು ಭಾಗ್ಯರೆಡ್ಡಿ ವರ್ಮರ ಅಧ್ಯಕ್ಷತೆಯಲ್ಲಿ ಆ ಹೆಸರನ್ನು ಬಿಟ್ಟು ‘ಆದಿ ಆಂಧ್ರ’ವೆಂಬ ಹೆಸರನ್ನು ಸ್ವೀಕರಿಸಿತು. ಮದರಾಸಿನಲ್ಲಿ ಎಂ. ಸಿ. ರಾಜಾ ಅವರ ಪ್ರಯತ್ನದಿಂದ ೧೯೨೨ರಲ್ಲಿ ‘ಆದಿ ದ್ರಾವಿಡ’ವೆಂಬ ಹೆಸರಿಗೆ ಶಾಸನಸಭೆಯ ಮನ್ನಣೆ ದೊರೆಯಿತು. ಮೈಸೂರು ಸಂಸ್ಥಾನದಲ್ಲಿಯೂ ೧೯೨೦ರ ದಶಕದಲ್ಲಿ ‘ಆದಿಕರ್ನಾಟಕ’ ‘ಆದಿದ್ರಾವಿಡ’ ಎಂಬ ಹೆಸರುಗಳು ಸರ್ಕಾರದ ವ್ಯವಹಾರದಲ್ಲಿ ಬಳಕೆಗೆ ಬಂದುವು.

‘ಆದಿ’ ಎಂಬ ಪದಕ್ಕೆ ಇಲ್ಲಿ ತೂಕವಿದೆ. ‘ಪಂಚಮ’ವು ಕ್ರಮದಲ್ಲಿ ಕೊನೆಯದು, ‘ಆದಿ’ಯು ಮೊದಲನೆಯದು. ಸಂಸ್ಕೃತದ ಸಂಖ್ಯಾವಾಚಕವೊಂದು ತಮ್ಮನ್ನು ನೂಕಿದ ಸ್ಥಾನದಿಂದ, ಸಂಸ್ಕೃತದ ಇನ್ನೊಂದು ಶಬ್ದವನ್ನೇ ಹಿಡಿದು ಈ ಜನರು ಮುಂದಿನ ಸಾಲಿಗೆ ಬಂದರು. ತಲೆಯಮೇಲೆ ಮಣ್ಣಿನುಂಡೆಯನ್ನು ಹೊತ್ತು ಎಲ್ಲೆಯನ್ನು ತೋರಿಸಿದ ಕುಳವಾಡಿಯ ಹಕ್ಕು ಯಾವುದೋ ಅದೇ ಈ ಹೆಸರಿನಲ್ಲಿ ಮಾತಾಡುತ್ತಿದೆ. ಈ ನೆಲದಲ್ಲಿ ಮೊದಲಿಂದಲೂ ಇದ್ದವರು ನಾವು ಎಂಬುದೇ ಅದರ ಸಾರ.

ಆ ಕಾಲದ ರಾಜ್ಯಾಡಳಿತವೂ ಈ ಸಂಚಲನಕ್ಕೆ ಸ್ವಲ್ಪಮಟ್ಟಿಗೆ ಅನುಕೂಲವಾಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶರಾದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಹಿಂದುಳಿದ ಜಾತಿಗಳವರಿಗೆ ಸರ್ಕಾರದ ನೌಕರಿಗಳಲ್ಲಿ ಸ್ಥಾನ ದೊರಕುವ ಬಗೆಯನ್ನು ಸೂಚಿಸುವುದು ಅದರ ಕೆಲಸ. ವರದಿಯು ೧೯೧೯ರಲ್ಲಿ ಬಂದು, ೧೯೨೧ರಲ್ಲಿ ಅದರ ಮೇಲೆ ಆಜ್ಞೆಯು ಹೊರಟಿತು. ಸರ್ಕಾರಿ ಶಾಲೆಗಳಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಪ್ರವೇಶವಿರತಕ್ಕದ್ದೆಂಬ ಆಜ್ಞೆಯೂ ೧೯೧೦ರ ದಶಕದ ಕೊನೆಯ ವೇಳೆಗೆ ಸ್ಥಿರವಾಯಿತು. ಅನೇಕ ಕಡೆಗಳಲ್ಲಿ ಮೇಲುಜಾತಿಗಳವರು ಇದನ್ನು ವಿರೋಧಿಸಿದರು. ಆಜ್ಞೆಯು ಹಾಳೆಯಲ್ಲಿ ಒಂದು ದಿನದಲ್ಲಿ ಹೊರಡುವುದು. ಮಗುವು ಶಾಲೆಯ ಮೆಟ್ಟಿಲಿನಿಂದ ಮಣೆಯವರೆಗೆ ನಡೆಯುವುದಕ್ಕೆ ಎಷ್ಟೋ ವರ್ಷಗಳು ಹಿಡಿದುವು.

ಆದಿಕರ್ನಾಟಕಪುರದ ಸಮೀಪದಲ್ಲಿ ರೈಲ್ವೆಯ ದೊಡ್ಡ ಕಾರ್ಖಾನೆಯು ಇರುವುದು. ರೈಲು, ಗಿರಣಿ, ಪುರಸಭೆ ಇವುಗಳಲ್ಲಿ ದೊರೆಯುವ ಕೂಲಿಯು ಸ್ವಲ್ಪವೇ ಆದರೂ ಅದಕ್ಕೂ ಹಳ್ಳಿಯ ಜೀತಕ್ಕೂ ಒಂದು ದೊಡ್ಡ ಅಂತರವಿದೆ. ಹಳ್ಳಿಯಲ್ಲಿ ದುಡಿಮೆಯ ಫಲವು ಧಣಿಯ ಅಂಗಳದಲ್ಲಿ ಅಳೆದುಹಾಕುವ ಕಾಳು. ಇಲ್ಲಿ ಅದು ತಿಂಗಳಿಗೆ ಗೊತ್ತಾದ ನಾಣ್ಯ. ನಾಣ್ಯಕ್ಕೆ ಮೈಲಿಗೆಯಿಲ್ಲ. ಅದರಿಂದ ಪುಸ್ತಕವನ್ನು ಕೊಳ್ಳಬಹುದು, ಮಗನ ಶಾಲೆಯ ಸಂಬಳವನ್ನು ಕಟ್ಟಬಹುದು.

ಈ ಪುರಕ್ಕೆ ಅಶೋಕಪುರವೆಂಬ ಹೆಸರು ಬಂದದ್ದು ಮೂರನೆಯ ಹಂತ. ಈ ಹೆಸರಿನಲ್ಲಿ ಜಾತಿಯ ಸೂಚನೆಯೇ ಇಲ್ಲ. ಮೌರ್ಯಚಕ್ರವರ್ತಿಯ ಧರ್ಮಶಾಸನಗಳು ನಮ್ಮ ಕನ್ನಡನಾಡಿನ ಬ್ರಹ್ಮಗಿರಿ, ಸಿದ್ದಾಪುರ, ಮಸ್ಕಿಗಳಲ್ಲಿಯೂ ಇವೆ. ಧ್ವಜದಲ್ಲಿರುವ ಚಕ್ರವೂ ಅವನದು. ೧೯೫೬ರ ಅಕ್ಟೋಬರ್ ೧೪ರಂದು ಅಂಬೇಡ್ಕರರು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದ್ದು ಅಶೋಕ ವಿಜಯದಶಮಿಯ ದಿನವೆಂಬುದೂ ಪ್ರಸಿದ್ಧವಾಗಿದೆ. ಪಂಚಮರ ಕೇರಿ, ಆದಿಕರ್ನಾಟಕಪುರ, ಅಶೋಕಪುರ ಎಂಬ ಮೂರು ಹೆಸರುಗಳಲ್ಲಿ ಮೊದಲನೆಯದು ಇನ್ನೊಬ್ಬರು ಇಟ್ಟದ್ದು. ಎರಡನೆಯದು ನಾವು ಯಾರು ಎಂದು ಹೇಳುವುದು. ಮೂರನೆಯದು ನಮ್ಮ ಸಂಬಂಧವು ಯಾರೊಡನೆ ಎಂದು ಹೇಳುವುದು.

೮. ಉಪಸಂಹಾರ

ಇಷ್ಟರಿಂದ ಫಲಿತವಾದುದನ್ನು ಸಂಗ್ರಹಿಸಿ ಹೇಳುವೆನು. ಪ್ಲೇಗಿನ ಕಾಲದ ನಗರಸುಧಾರಣೆಯು ಹಳೆಯ ಮೈಸೂರನ್ನೂ ಬೆಂಗಳೂರನ್ನೂ ಒಡೆದು ಹೊಸದಾಗಿ ಕಟ್ಟಿತು. ಆದರೆ ಊರಿಗೂ ಕೇರಿಗೂ ಇದ್ದ ಎಲ್ಲೆಯನ್ನು ಒಡೆಯಲಿಲ್ಲ, ಅದನ್ನು ಹೊರಕ್ಕೆ ಜರುಗಿಸಿತು. ಎಲ್ಲೆಯು ಮಾಸಲು ತೊಡಗಿದ್ದು ಆ ಜನರೇ ತಮ್ಮ ಹೆಸರನ್ನೂ ಶಾಲೆಯನ್ನೂ ದುಡಿಮೆಯನ್ನೂ ಬದಲಾಯಿಸಿಕೊಂಡದ್ದರಿಂದ. ರಾಜಾಜ್ಞೆಯೂ ಆಮೇಲೆ ಸಂವಿಧಾನವೂ ಅದಕ್ಕೆ ಬೆಂಬಲವಾದುವು. ಕೆಲಸವು ಮುಗಿದಿಲ್ಲವೆಂಬುದಕ್ಕೆ ೧೯೫೫ರ ಅಸ್ಪೃಶ್ಯತಾಪರಾಧಗಳ ಕಾನೂನು ಸಾಲದೆ, ೧೯೮೯ರಲ್ಲಿ ದೌರ್ಜನ್ಯಗಳನ್ನು ತಡೆಯಲು ಇನ್ನೊಂದು ಕಾನೂನನ್ನು ಮಾಡಬೇಕಾದುದೇ ಸಾಕ್ಷಿ.

ನಮ್ಮ ಪಂಡಿತವರ್ಗಕ್ಕೆ ಇಲ್ಲಿ ಒಂದು ಕರ್ತವ್ಯವಿದೆ. ಸ್ಮೃತಿಗಳಲ್ಲಿಯೂ ಅರ್ಥಶಾಸ್ತ್ರದಲ್ಲಿಯೂ ಇರುವ ವಿಧಿಗಳನ್ನು ಇಲ್ಲವೆನ್ನುವುದೂ ಯುಕ್ತವಲ್ಲ, ಇರುವುದರಿಂದಲೇ ಧರ್ಮವೆನ್ನುವುದೂ ಯುಕ್ತವಲ್ಲ. ಗ್ರಂಥವನ್ನು ಗ್ರಂಥವಾಗಿ ಓದಿ, ಅದರ ಪರಿಣಾಮವನ್ನು ಊರಿನ ನೆಲದಮೇಲೆ ಅಳೆದುನೋಡಬೇಕು. ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಪುರಸಭೆಯ ಮತ್ತು ಟ್ರಸ್ಟ್ ಬೋರ್ಡಿನ ಹಳೆಯ ಕಡತಗಳು, ಶಾಲೆಗಳ ದಾಖಲಾತಿ ಪುಸ್ತಕಗಳು, ಅಶೋಕಪುರದ ವೃದ್ಧರ ಬಾಯಲ್ಲಿ ಉಳಿದಿರುವ ವೃತ್ತಾಂತಗಳು, ಇವನ್ನು ಈಗಲೇ ಸಂಗ್ರಹಿಸತಕ್ಕದ್ದು. ಶಿಲಾಶಾಸನವು ನೂರಾರು ವರ್ಷ ಕಾದಿರುವುದು. ಮುದುಕರ ನೆನಪು ಅಷ್ಟು ಕಾಲ ಕಾಯಲಾರದು.

ಈಗ ಅಶೋಕಪುರದ ರೈಲುನಿಲ್ದಾಣವು ವಿಸ್ತಾರವಾಗಿದ್ದು, ಬೆಂಗಳೂರಿನ ಕಡೆಯಿಂದ ಬರುವ ಕೆಲವು ಗಾಡಿಗಳ ಕೊನೆಯ ನಿಲ್ದಾಣವು ಅದೇ ಆಗಿರುವುದು. ಹಿಂದೆ ಊರಿನೊಳಕ್ಕೆ ಹೆಜ್ಜೆಯಿಡಲು ಅಪ್ಪಣೆ ಬೇಕಾಗಿದ್ದವರ ಪುರದ ಹೆಸರನ್ನು ಇಂದು ಎಲ್ಲ ಜಾತಿಯ ಪ್ರಯಾಣಿಕರೂ ಟಿಕೀಟಿನ ಮೇಲೆ ಓದಿಕೊಂಡು ಮೈಸೂರಿಗೆ ಬರುತ್ತಿದ್ದಾರೆ. ಆ ಪುರದ ಚರಿತ್ರೆಯನ್ನೂ ಓದುವಂತಾಗಬೇಕೆಂಬುದು ಈ ಲೇಖನದ ಆಶಯವು.